ಪಿಕಪ್ಪಿನ ಗಾಳಿತಡೆ ಬಿಚ್ಚಿದವಳು ನಾನೇ

ಅಪ್ಪಾ,

ಪಿಕಪ್ಪಿನ ಮುಂದಿನ ಬಂಪರಿನಡಿಯ ಪ್ಲಾಸ್ಟಿಕ್ ಗಾಳಿತಡೆಯನ್ನು ಬಿಚ್ಚಿದ್ದೇನೆ. ಕಳ್ಳರೆಂದು ಷೆರಿಫನಿಗೆ ಫೋನ್ ಮಾಡಬೇಡ. "ಕಂಪನಿಯೋರು ಸುಮ್ನೆ ಹಾಕಿರ್ತಾರೇನೇ, ಡೆಲ್ಫಾ? ಪೆಟ್ರೋಲ್ ಉಳಿಯುತ್ತೆ ಕಣೇ!" ಎಂದು ನಿನ್ನ ದನಿಯಲ್ಲೇ ನನ್ನನ್ನು ಬೈದುಕೊಳ್ಳುತ್ತಾ ಬಿಚ್ಚಿದೆ.

ಗಾಡಿಯ ಮುಂದಿನ ಚಕ್ರಗಳನ್ನು ಇಳಿಜಾರಿನ ರ‍್ಯಾಂಪ್ ಮೇಲೆ ಹತ್ತಿಸಲು ಅದು ಅಡ್ಡ ಬರುತ್ತದೆಂದು ತಾನೆ ನೀನು ಜಾಕ್ ಏರಿಸಿ ಗಾಡಿಯಡಿ ತೂರುತ್ತಿದ್ದದ್ದು? ವರ್ಜಿಲ್ ಚಿಕ್ಕಪ್ಪನೂ ಹಾಗೇ ತೂರಿದ್ದ. ಜಾಕ್ ಜಾರಿತು. ಅವನನ್ನು ಮಣ್ಣು ಮಾಡಿ ಬಂದ ವಾರವೇ ನಿನ್ನ ಬೂಟುಗಳು ಬಂಪರಿನಡಿಯಿಂದ ಚಾಚಿಕೊಂಡಿದ್ದವು. ಅಡುಗೆಮನೆ ಕಿಟಕಿಯಿಂದ ನೋಡಿದೆ.

ಇನ್ನು ಆಯಿಲ್ ಬದಲಿಸಲು ರ‍್ಯಾಂಪ್ ಮೇಲೆ ಹತ್ತಿಸು. ಹಿಂದಿನ ಚಕ್ರಕ್ಕೆ ಮರದ ತುಂಡು ಕೊಡು.

ಜಾಕ್ ಹುಡುಕಬೇಡ, ನನ್ನ ಕಾರಿನಲ್ಲಿದೆ. ಟೈರ್ ಪಂಕ್ಚರಾದರೆ ಫೋನ್ ಮಾಡು. ಮಕ್ಕಳಿಗೆ ಮಾಡುತ್ತಿರುವ ಪಾಠ ಅರ್ಧಕ್ಕೆ ಬಿಟ್ಟಾದರೂ ಬರುತ್ತೇನೆ.

ಡೆಲ್ಫಾ