ಎರಡನೇ ಬಿತ್ತನೆ

ಮಾರ್ಚ್ ೧೪, ಶನಿವಾರ

ನಿದ್ದೆ ಹತ್ತಿರ ಸುಳಿಯುತ್ತಿಲ್ಲ! ಮೊದಲ ಬೆಳೆಯಲ್ಲಿ ರಾಸಾಯನಿಕ ಗೊಬ್ಬರದ ಮೂಲಂಗಿ ದಷ್ಟಪುಷ್ಟವಾಗಿತ್ತು, ಕಾಂಪೋಸ್ಟಿನದು ನರಪೇತಲ. “ಆ ಕಾಂಪೋಸ್ಟ್ ಕುಂಡಗಳನ್ನ ಸುರಿದುಬಿಡಮ್ಮ, ಸುಮ್ಮನೆ ಜಾಗ ದಂಡ” ಎಂದಿದ್ದರು ನಮ್ಮ ಪ್ರಯೋಗಾಲಯದ ಸರ್. ನಾನು ಹಟಕ್ಕೆ ಬಿದ್ದು, ಯಾವ ಕುಂಡಕ್ಕೂ ಹೊಸದಾಗಿ ಗೊಬ್ಬರ ಹಾಕದೆ ಮತ್ತೆ ಬಿತ್ತಿದ್ದೆ. ಇವತ್ತು ರಾಸಾಯನಿಕದವು ಹಳದಿಗೆ ತಿರುಗಿವೆ, ಕಾಂಪೋಸ್ಟಿನವು ಹಚ್ಚಹಸಿರು! ರಾಸಾಯನಿಕ ಗೊಬ್ಬರ ನೀರಿನ ಜೊತೆ ಸೋರಿಹೋಗಿದೆ. ಕಾಂಪೋಸ್ಟ್ ನಿಧಾನವಾಗಿ ಕೊಳೆಯುತ್ತಾ ಈಗ ಸಾರಜನಕ ಬಿಟ್ಟುಕೊಡುತ್ತಿದೆ.

ಸರ್ ಬಗ್ಗಿ ನೋಡಿ, “ಕುಂಡಗಳ ಚೀಟಿ ಅದಲುಬದಲು ಮಾಡಿದ್ದೀಯ, ಅಷ್ಟೇ” ಎಂದು ರೇಗಿದರು. ಸಂಜೆ ನೋಡಿದರೆ ಅವರ ಸ್ಕೂಟರ್ ಮೇಲೆ ಒಂದು ಚೀಲ ಕಾಂಪೋಸ್ಟ್! “ಮನೇಲಿ ಗುಲಾಬಿ ಸೊರಗಿದೆಯಮ್ಮ” ಎಂದರು, ನನ್ನ ಮುಖ ನೋಡದೆ.

ನಾಳೆ ಭಾನುವಾರ, ರಜೆ. ಆದರೇನು, ಪ್ರಯೋಗಾಲಯದ ಬೀಗದ ಕೈ ನನ್ನ ಹತ್ತಿರವೇ ಇದೆ…