ಮೇಷ್ಟ್ರ ಮೂರು ಬೆರಳು

ಮೇಷ್ಟ್ರೇ,

ಇಲ್ಲ, ನಾನು ಒಪ್ಪಲ್ಲ. "ಮುನಿರಾಜೂನೇ ಮೂರು ಅಂದನಲ್ಲೋ, ನಾನೇನು ಮಾಡ್ಲಿ" ಅಂತ ಹಾಸಿಗೆ ಹಿಡಿದ ಮೇಲೂ ನೀವು ಹೇಳ್ತಾನೇ ಇದ್ರಿ. ನಾನು ಹೂಂ ಅಂತಿದ್ದೆ. ಹುಷಾರಿಲ್ಲದೋರ ಜೊತೆ ಏನು ವಾದ ಅಂತ ಬಾಯಿ ಮುಚ್ಕೊಂಡಿದ್ದೆ. ನೀವು ಹೋಗಿ ವರ್ಷ ಆಯ್ತು. ಈಗ ಸೈಕಲ್ ಶಾಪಿನ ಒಂದು ಬಾಗಿಲು ಮುಚ್ಚಿ, ಒಂದು ತೆಗೆದಿಟ್ಟು, ಬಿಲ್ ಬುಕ್ಕಿನ ಹಿಂದುಗಡೆ ಬರೀತಿದೀನಿ. ಅವನು ಮೂರು ಅಂದಿದ್ದು ನಿಜ. ಯಾಕೆ ಅಂದ ಅನ್ನೋದು ನಿಮಗೆ ಗೊತ್ತಿಲ್ಲ. ನನಗೆ ಗೊತ್ತು.

ನನಗೆ ಮೊದಲ್ನೇ ಸಲ ಏಟು ಬಿದ್ದಿದ್ದು ನೆನಪಿದೆಯಾ? ಜಯನಗರದ ಲೇಔಟಿನಲ್ಲಿ ಸೈಟಿನ ಕಲ್ಲು ನೆಟ್ಟು, ಮನೆ ಇನ್ನೂ ಕಟ್ಟದೇ ಬಿಟ್ಟಿದ್ರಲ್ಲ, ಅದೇ ನಮ್ಮ ಫುಟ್ಬಾಲ್ ಗ್ರೌಂಡು. ಸ್ಕೂಲಲ್ಲಿ ಡ್ರಿಲ್ ಮುಗಿಸಿ ನೀವು ಸೀದಾ ಅಲ್ಲಿಗೇ ಬರ್ತಿದ್ರಿ. ಯಾರದೋ ಮೊಣಕೈ ನನ್ನ ಹಣೆಗೆ ಬಡೀತು. ಕಣ್ಣು ಬಿಟ್ರೆ ನೀವು ಬಗ್ಗಿ ನಿಂತಿದೀರ. ಎಡಗೈಲಿ ನೀರಿನ ಚೊಂಬು, ಬಲಗೈಲಿ ಬೆರಳು. "ಎಷ್ಟೋ ಇದು?" ಅಂದ್ರಿ. ಮೂರು ಅಂದೆ. ಶಭಾಷ್ ಅಂತ ಮುಖಕ್ಕೆ ನೀರು ಚೆಲ್ಲಿ ಒಳಗೆ ಅಟ್ಟಿದ್ರಿ. ಆಮೇಲೆ ಯಾರು ಬಿದ್ರೂ ಅದೇ ಚೊಂಬು, ಅದೇ ಮೂರು. ಎರಡು ಯಾಕಿಲ್ಲ, ನಾಲ್ಕು ಯಾಕಿಲ್ಲ ಅಂತ ನಾವು ಹುಡುಗರೆಲ್ಲ ಸೇರಿ ಕಂಡುಹಿಡಿದ್ವಿ. ಹೆಬ್ಬೆರಳು, ತೋರುಬೆರಳು ಮಧ್ಯ ನಿಮ್ಮ ವಿಸಲ್ ಇರ್ತಿತ್ತು. ಮ್ಯಾಚಲ್ಲಿ ಅದನ್ನ ಊದೋ ಹಾಗಿಲ್ಲ, ಆದ್ರೂ ಬಿಡ್ತಿರ್ಲಿಲ್ಲ ನೀವು. ಮಿಕ್ಕಿದ್ದು ಮೂರೇ ಬೆರಳು.

ಯಡಿಯೂರಿಂದ ಮುನಿರಾಜು ಟೀಮಿಗೆ ಬಂದ ವಾರ, ಹೊಂಗೆ ಮರದ ಕೆಳಗೆ ಕೂತು ನಾನೇ ಅವನಿಗೆ ಹೇಳಿದ್ದು. "ಏಟು ಬಿದ್ರೆ ಮೇಷ್ಟ್ರು ಬೆರಳು ತೋರಿಸ್ತಾರೆ. ನೋಡೋಕೆ ಹೋಗ್ಬೇಡ, ಮೂರು ಅಂದ್ಬಿಡು. ಇಲ್ಲಾಂದ್ರೆ ಈಚೆ ಕೂರಿಸ್ತಾರೆ." ಅವನು ಬಿದ್ದು ಬಿದ್ದು ನಕ್ಕ. ಪರೀಕ್ಷೆಗೆ ಮುಂಚೆನೇ ಉತ್ತರ ಸಿಕ್ಬಿಡ್ತಲ್ಲೋ ಅಂದ. ಎಸ್ಸೆಸ್ಸೆಲ್ಸಿಯಲ್ಲೂ ಹಿಂಗೆ ಯಾರಾದ್ರೂ ಹೇಳಿದ್ರೆ ನೀನು ಪಾಸಾಗ್ತಿದ್ದೆ ಅಂತ ನನ್ನೇ ಆಡ್ಕೊಂಡ.

ಆ ಮಳೆ ಮ್ಯಾಚಿನ ದಿನ ಚೆಂಡಿಗೆ ಗಾಳಿ ತುಂಬಿ ದಾರ ಬಿಗಿದಿದ್ದೂ ನಾನೇ. ಚರ್ಮದ ಚೆಂಡು, ನೀರು ಕುಡಿದು ಕುಡಿದು ಹಾಫ್ ಟೈಮಿನ ಹೊತ್ತಿಗೆ ರುಬ್ಬೋಗುಂಡು ಆಗಿತ್ತು. ಮುನಿರಾಜು ಅದಕ್ಕೆ ತಲೆ ಕೊಡೋಕೆ ಹಾರಿದ, ಅವರ ಕಡೆಯ ಬ್ಯಾಕೂ ಹಾರಿದ. ತಲೆಗೆ ತಲೆ ಬಡಿದ ಸದ್ದು ನನಗೆ ಈ ಕಡೆ ಗೋಲಿನ ಹತ್ರಕ್ಕೆ ಕೇಳಿಸ್ತು. ನೀವು ಓಡಿದ್ರಿ. ಕೈ ಎತ್ತಿದ್ರಿ. ಅವನು ಮೂರು ಅಂದ. ನಾನು ಅಲ್ಲೇ ಬಂದು ನಿಂತಿದ್ದೆ ಮೇಷ್ಟ್ರೇ. ಅವನ ಕಣ್ಣು ನಿಮ್ಮ ಕೈ ಕಡೆ ಇರ್ಲೇ ಇಲ್ಲ. ನಾನು ನೋಡಿದೆ. ನೋಡಿನೂ...

ಮ್ಯಾಚ್ ಗೆದ್ದು, ಅವನನ್ನ ನನ್ನ ಸೈಕಲ್ ಬಾರ್ ಮೇಲೆ ಕೂರಿಸ್ಕೊಂಡು ಮನೆಗೆ ಬಿಟ್ಟೆ. ಭೈರಸಂದ್ರ ದಾಟೋದ್ರೊಳಗೆ "ಗೆದ್ವೇನೋ?" ಅಂತ ನಾಲ್ಕು ಸಲ ಕೇಳಿದ. ನಾಲ್ಕು ಸಲಾನೂ ನಕ್ಕೊಂಡು ಹೂಂ ಕಣೋ ಅಂದೆ. ತಮಾಷೆ ಮಾಡ್ತಿದಾನೆ ಅಂದ್ಕೊಂಡೆ. ಮನೆ ಮುಂದೆ ವಾಂತಿ ಮಾಡ್ಕೊಂಡ. ಮಧ್ಯಾಹ್ನದ ಚಿತ್ರಾನ್ನ ಆಗಿಬರ್ಲಿಲ್ಲ ಅಂದ್ರು ಅವರಮ್ಮ. ಬೆಳಗ್ಗೆ ಎಬ್ಬಿಸೋಕೆ ಹೋದ್ರಂತೆ, ಏಳ್ಲೇ ಇಲ್ಲ.

ಅವತ್ತಿಂದ ಆಯಮ್ಮ ಎದುರಿಗೆ ಬಂದ್ರೆ ನೀವು ರಸ್ತೆ ದಾಟಿ ಆ ಕಡೆ ಹೋಗ್ತಿದ್ರಿ. ನಾನೂ ಅಷ್ಟೇ. ನೀವು ಕೆಮ್ಮಿ ಕೆಮ್ಮಿ ಸುಸ್ತಾಗಿ ಟೀಮನ್ನ ನನಗೆ ಒಪ್ಪಿಸಿದ ದಿನ, "ನಿನ್ನ ಕಾಲಲ್ಲಿ ಇರುವೆ ಬಿಟ್ಟವ್ರೆ, ಒಂದು ಕೆಲಸದಲ್ಲೂ ನಿಲ್ಲಲ್ಲ ನೀನು, ಇದ್ರಲ್ಲಾದ್ರೂ ನಿಲ್ಲು" ಅಂದ್ರಿ. ವಿಸಲ್ ನನ್ನ ಕೈಗಿಟ್ಟು, "ಏಟು ಬಿದ್ರೆ ಕೇಳು. ಕೇಳ್ದೇ ಯಾರನ್ನೂ ಒಳಗೆ ಬಿಡ್ಬೇಡ" ಅಂದ್ರಿ. ಅವತ್ತಾದ್ರೂ ನಾನು ಬಾಯಿ ಬಿಡ್ಬೇಕಿತ್ತು.

ನಿನ್ನೆ ಸೆಮಿಫೈನಲ್ಲು. ನಮ್ಮ ಫಾರ್ವರ್ಡ್ ಸೀನ, ನೀವು ನೋಡಿಲ್ಲ ಅವನನ್ನ, ಹದಿನಾರು ವರ್ಷ, ಹೆಡ್ ಮಾಡೋಕೆ ಹೋಗಿ ಇನ್ನೊಬ್ಬನ ಮಂಡಿಗೆ ತಲೆ ಬಡಿದು ಬಿದ್ದ. ನಾನು ಓಡಿದೆ. ಕೈ ಎತ್ತಿದೆ. ಮೂರಣ್ಣ ಅಂದ. ಒಳಗೆ ಕಳಿಸಿದೆ. ಅವನೇ ಗೋಲ್ ಹೊಡೆದ, ಎಲ್ಲರೂ ನನ್ನ ಎತ್ಕೊಂಡು ಕುಣಿದ್ರು. ಸಾಯಂಕಾಲ ಶಾಪಿಗೆ ಬಂದು ವಿಸಲ್ಲನ್ನ ಮೊಳೆಗೆ ನೇತಾಕೋಕೆ ಕೈ ಎತ್ತಿದಾಗ ನನ್ನ ಕೈ ನಾನೇ ನೋಡಿದೆ. ಎರಡು ಬೆರಳಲ್ಲಿ ವಿಸಲ್ಲು. ಮಿಕ್ಕಿದ್ದು ಮೂರು.

ಈ ಹುಡುಗರಿಗೆ ಯಾರು ಹೇಳಿದ್ರು ಮೇಷ್ಟ್ರೇ? ನಾನಂತೂ ಹೇಳಿಲ್ಲ. ಯಾರಾದ್ರೂ ಹೇಳೇ ಹೇಳಿರ್ತಾರೆ, ನಾನು ಮುನಿರಾಜುಗೆ ಹೇಳ್ದಂಗೆ.

ಬೆಳಗ್ಗೆ ಸೀನನ ಮನೆಗೆ ಹೋದೆ. ಅವರಪ್ಪ ಜಗಲಿ ಮೇಲೆ ಕೂತು ಬೀಡಿ ಹಚ್ತಿದ್ರು. ಅವರ ಜಮೀನು ಪೂರ್ತಿ ಲೇಔಟಿಗೆ ಹೋಗಿದೆ. ಇವತ್ತು ನಾಲ್ಕು ಗಂಟೆಗೆ ಫೈನಲ್ಲು, ಫ್ಯಾಕ್ಟ್ರಿ ಟೀಮಿನೋರು ಹುಡುಗರನ್ನ ಆರಿಸೋಕೆ ಬರ್ತಾರೆ, ಆಯ್ಕೆಯಾದ್ರೆ ಕೆಲಸ ಖಾಯಂ. ಇವತ್ತು ಅವನನ್ನ ಆಡಿಸಲ್ಲ ಅಂದೆ.

"ನಿನ್ನೆ ಆಡ್ಬೋದು ಅಂದೋನೂ ನೀನೇ. ಇವತ್ತು ಹೊಸ್ದಾಗಿ ಏನು ಕಂಡೆ?" ಅಂದ್ರು.

"ಅವನು ಬೆರಳು ನೋಡಿ ಹೇಳಿಲ್ಲ ಗೌಡ್ರೇ."

"ಬಾಯಿ ಬಿಟ್ಟು ಹೇಳವ್ನೆ, ಸಾಲ್ದಾ? ಅನ್ನ ತಿಂದವ್ನೆ, ನಿದ್ದೆ ಮಾಡವ್ನೆ. ನನ್ ಮಗನ ಹೊಟ್ಟೆ ಮೇಲೆ ಹೊಡೀಬೇಡ ಕಣಪ್ಪ."

ನೀವು ಇದ್ದಿದ್ರೆ ಏನು ಹೇಳ್ತಿದ್ರಿ? ನೀವೂ ಅದನ್ನೇ ಅಲ್ವಾ ಹೇಳ್ತಿದ್ದಿದ್ದು, ಹುಡುಗನೇ ಹೇಳಿದನಲ್ಲ ಅಂತ? ಆಡೋ ಹುಡುಗ ಇನ್ನೇನು ಹೇಳ್ತಾನೆ? ಅವನ ಬಾಯಲ್ಲಿ ಹೇಳಿಸಿ ನಾವು ಕೈ ತೊಳ್ಕೊಳ್ಳೋಕಾ ಅವನನ್ನ ಕೇಳೋದು? ನಾನು ಸುಮ್ನೆ ಶಾಪಿಗೆ ವಾಪಸ್ ಬಂದು ಇದನ್ನ ಬರೆಯೋಕೆ ಕೂತೆ.

ಇಷ್ಟು ಬರೆಯೋ ಹೊತ್ತಿಗೆ ಸೀನ ಬಂದ ಮೇಷ್ಟ್ರೇ. ಬಾಗಿಲ ಹತ್ರ ನಿಂತು, ಅಣ್ಣ, ಮ್ಯಾಚು ಎಷ್ಟು ಗಂಟೆಗೆ ಅಂದ. ನಾಲ್ಕು ಅಂದೆ. ಪಂಪ್ ತಗೊಂಡು ಚೆಂಡಿಗೆ ಎರಡು ಸಲ ಒತ್ತಿದ. ಮ್ಯಾಚು ಎಷ್ಟು ಗಂಟೆಗಣ್ಣ ಅಂದ. ಪೆನ್ನು ಕೆಳಗಿಟ್ಟೆ. ಮೂರನೇ ಸಲ ಕೇಳಿದಾಗ ಅವನ ಮುಖದ ಮುಂದೆ ಕೈ ಎತ್ತಿದೆ. ಮುಷ್ಟಿ ಬಿಗಿಯಾಗಿ ಮುಚ್ಚಿತ್ತು, ಒಂದು ಬೆರಳೂ ಬಿಟ್ಟಿರ್ಲಿಲ್ಲ.

"ಎಷ್ಟೋ ಸೀನ?"

"ಮೂರಣ್ಣ" ಅಂದು ನಕ್ಕ.

ಈಗ ಹೊರಗೆ ಬೆಂಚಿನ ಮೇಲೆ ಗೋಡೆಗೆ ಒರಗಿಸಿ ಕೂರಿಸಿದೀನಿ. ಸೈಕಲ್ ಮೇಲೆ ಕೂರಿಸಲ್ಲ. ಜಟಕಾ ಸಾಬರು ಕುದುರೆ ಕಟ್ತಿದಾರೆ, ಐದು ನಿಮಿಷ ಅಂದ್ರು. ಸೀದಾ ದೊಡ್ಡಾಸ್ಪತ್ರೆಗೆ. ಅವರಪ್ಪನಿಗೆ ಹೇಳಿಕಳಿಸಿದೀನಿ, ಬೈಕೊಂಡೇ ಬರ್ತಾರೆ, ಬರ್ಲಿ. ಹೊಡೆದ್ರೆ ಹೊಡೀಲಿ. ಇಷ್ಟೊತ್ತಿಗೆ ಲೇಟಾಗಿದೆಯೋ ಏನೋ...

ನಿಮ್ಮ ವಿಸಲ್ ಮೊಳೆ ಮೇಲೇ ಇರ್ಲಿ. ಇನ್ಮೇಲೆ ನಾನು ಯಾವ ಹುಡುಗನ್ನೂ ಕೇಳಲ್ಲ ಮೇಷ್ಟ್ರೇ. ತಲೆಗೆ ಏಟು ಬಿತ್ತಾ, ಈಚೆಗೆ, ಅಷ್ಟೇ. ಅವನು ಮೂರು ಅನ್ಲಿ, ಮೂವತ್ತು ಅನ್ಲಿ. ಮುನಿರಾಜು ಅಮ್ಮನ ಹತ್ರಾನೂ ಹೋಗಿ ಎಲ್ಲಾ ಹೇಳ್ತೀನಿ. ರಸ್ತೆ ದಾಟಲ್ಲ.

ಜಟಕಾ ಬಂತು. ಮ್ಯಾಚು ಎಷ್ಟು ಗಂಟೆಗೆ ಅಂತ ಹೊರಗಿಂದ ಮತ್ತೆ ಕೇಳ್ತಿದಾನೆ. ಬಾಗಿಲು ಹಾಕ್ಕೊಂಡು ಹೊರಟೆ.