ಬಾಲ ಬದಲಿಸಿದ ದನಿ

ಶಾಲಿವಾಹನ ಶಕೆ 2219, ಆಷಾಢ ಬಹುಳ ಪಂಚಮಿ
ಕಡತಮನೆ, ಶಹಾಬಾದ

ಚಿತ್ತಾಪುರದ ತಹಸೀಲ ಕಚೇರಿಯ ಎದುರು ಡಿಟಿಪಿ ಅಂಗಡಿ ನಡೆಸುವ ಜಗದೇವಿಯವರಿಗೆ, ಸುಗಲಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನಗಬೇಡಿ. ನಿಮ್ಮ ಗೋಡೆಯ ಕ್ಯಾಲೆಂಡರಿನ ಲೆಕ್ಕದಲ್ಲಿ ಇದು 2297ನೇ ಇಸವಿ. ಈ ಕಾಗದ ನಿಮಗೆ ಹೇಗೆ ತಲುಪುತ್ತದೋ ತಿಳಿಯದು, ಆದರೆ ಬರೆಯದೆ ಇರಲು ಆಗುತ್ತಿಲ್ಲ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ. ನಿಮ್ಮ ಪದಗಳು ನಮಗೆ ತಿಳಿಯದೆ ನಾವೂ ಸಾಕಷ್ಟು ಪಾಡು ಪಟ್ಟಿದ್ದೇವೆ. ಮುತ್ತಜ್ಜಿ ಎಂದು ಮೂರು ಸಲ ಹೇಳಿದರೆ ನಮ್ಮ ವಂಶದಲ್ಲಿ ನೀವು ಸಿಗುತ್ತೀರಿ. ಆದರೆ ನಿಮಗೆ ಈಗ ಮೂವತ್ತೆರಡು, ನನಗೆ ನಲವತ್ತಾರು. ನನಗಿಂತ ಕಿರಿಯವರನ್ನು ಮುತ್ತಜ್ಜಿ ಎನ್ನಲು ನಾಲಗೆ ಹೊರಳದು, ಆದ್ದರಿಂದ ಜಗದೇವಿಯವರೇ ಎಂದೇ ಕರೆಯುತ್ತೇನೆ.

ನಾವು ಇರುವುದು ನೆಲದ ಕೆಳಗೆ. ನಿಮ್ಮ ಕಾಲದಲ್ಲಿ ಫರಸಿ ಕಲ್ಲು ತೆಗೆದ ಗಣಿಗಳು ಇದ್ದವಲ್ಲ, ಅವುಗಳ ಗೋಡೆಯನ್ನೇ ಕೊರೆದು ಊರು ಮಾಡಿಕೊಂಡಿದ್ದೇವೆ. ಅದಕ್ಕೆ ನೆಳಲೂರು ಎನ್ನುತ್ತೇವೆ. ಬಿಸಿಲು ಏರುವ ಮೊದಲು ಮೇಲೆ ಹೋಗಿ ಜೋಳದ ಹೊಲ ನೋಡಿಕೊಂಡು, ಒಂಬತ್ತು ಗಂಟೆಗೆ ಕೆಳಗಿಳಿಯುತ್ತೇವೆ. ರೊಟ್ಟಿ ಬಡಿಯುವ ಸದ್ದು ಈಗಲೂ ಇದೆ, ಗುಹೆಯಾದ್ದರಿಂದ ಒಂದು ಮನೆಯಲ್ಲಿ ಬಡಿದರೆ ಹತ್ತು ಮನೆಗೆ ಕೇಳುತ್ತದೆ, ಯಾರ ಮನೆಯಲ್ಲಿ ಇಂದು ತಡವಾಯಿತು ಎಂಬುದು ಗುಟ್ಟಾಗಿ ಉಳಿಯುವುದಿಲ್ಲ. ಹೆಳವರೂ ಬರುತ್ತಾರೆ. ಅವರ ಎತ್ತು ಹೋಗಿ ಬೇರೆ ವಾಹನ ಬಂದಿದೆ, ಆದರೆ ವಂಶಾವಳಿ ಓದುವ ರಾಗ ಅದೇ. ನಿಮ್ಮ ಹೆಸರನ್ನೂ ನಿಮ್ಮ ತಾಯಿ ಕಾಶೀಬಾಯಿಯವರ ಹೆಸರನ್ನೂ ನಾನು ಕೇಳಿದ್ದು ಅವರ ಬಾಯಿಂದಲೇ. ನಿಮ್ಮ ಕಾಲದವರು ಯಂತ್ರಗಳಿಗೆ ಒಪ್ಪಿಸಿದ್ದರಲ್ಲಿ ನೂರಕ್ಕೆ ತೊಂಬತ್ತು ಪಾಲು ಅಳಿಸಿಹೋಗಿದೆ. ಆ ಅವಧಿಗೆ ನಾವು ದೊಡ್ಡ ಮರೆವು ಎನ್ನುತ್ತೇವೆ. ಉಳಿದ ಹತ್ತು ಪಾಲನ್ನು ತೆರೆದು ಓದುವ ಜಾಗವೇ ಕಡತಮನೆ, ಆ ಕೆಲಸ ಮಾಡುವವರು ಬಿಡಿಸುವವರು. ನಾನು ಇಪ್ಪತ್ತೆರಡು ವರ್ಷದಿಂದ ಬಿಡಿಸುವವಳು.

ಇನ್ನು ನನ್ನ ಕಷ್ಟ. ನಿಮ್ಮಲ್ಲಿ ತೊಟ್ಟಿಲ ಶಾಸ್ತ್ರದ ದಿನ ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್‌ರ್ ಎಂದು ಹೆಸರು ಹೇಳುವುದು, ಉಳಿದವರು ಅವಳ ಬೆನ್ನಿಗೆ ಗುದ್ದುವುದು ಉಂಟಷ್ಟೆ? ಗುದ್ದುವ ಸಂಭ್ರಮ ಇವತ್ತಿಗೂ ಒಂದು ಚೂರೂ ಕಡಿಮೆಯಾಗಿಲ್ಲ. ಆದರೆ ದೊಡ್ಡ ಮರೆವಿನ ನಂತರ ಅದಕ್ಕೆ ದನಿಶಾಸ್ತ್ರ ಎಂಬುದೊಂದು ಸೇರಿಕೊಂಡಿತು. ಸೋದರತ್ತೆ ಹೆಸರು ಹೇಳುವ ಮುಂಚೆ, ಆ ಮನೆಯ ಹಿರಿಯರೊಬ್ಬರ ಉಳಿದುಬಂದ ದನಿಯನ್ನು ಕೂಸಿಗೆ ಕೇಳಿಸಬೇಕು. ಆ ದನಿಯಲ್ಲಿ ಯಾರದಾದರೂ ಹೆಸರು ಬಂದರೆ ಅದೇ ಕೂಸಿನ ಹೆಸರು. ದನಿ ಹುಡುಕಿ ತರುವ ಹೊಣೆ ಸೋದರತ್ತೆಯದು. ದನಿ ಇಲ್ಲದ ಮನೆಗೆ ಮೂಕಮನೆ ಎನ್ನುತ್ತಾರೆ. ನಮ್ಮದು ಮೂಕಮನೆ. ನನ್ನ ಕಿವಿಯಲ್ಲಿ ಯಾವ ಹಿರಿಯರೂ ಮಾತಾಡಲಿಲ್ಲ, ಶಾಲೆಯಲ್ಲಿ ಅದನ್ನು ಆಡಿಕೊಂಡವರ ಮುಖ ಇನ್ನೂ ನೆನಪಿದೆ. ಈಗ ನನ್ನ ತಮ್ಮ ವೀರೇಶನಿಗೆ ಮಗಳು ಹುಟ್ಟಿದ್ದಾಳೆ. ಊರಿನವರ ಕಡತಗಳನ್ನೆಲ್ಲ ಬಿಡಿಸಿಕೊಟ್ಟವಳು ನನ್ನ ಸೊಸೆಯಾಗಬೇಕಾದ ಕೂಸಿಗೆ ಒಂದು ದನಿ ತರಲಾಗಲಿಲ್ಲ ಎಂದರೆ ನಾನು ಯಾವ ಮುಖ ಹೊತ್ತು ತೊಟ್ಟಿಲ ಮುಂದೆ ನಿಲ್ಲಲಿ?

ನಮ್ಮ ಮನೆಯದೆಂದು ಕಡತಮನೆಯಲ್ಲಿ ಇದ್ದದ್ದು ನಿಮ್ಮ ಅಂಗಡಿಯ ಒಂದು ಚೀಲ ಮಾತ್ರ. ನೀವು ಫೋಲ್ಡರ್ ಎನ್ನುವುದನ್ನು ನಾವು ಚೀಲ ಎನ್ನುತ್ತೇವೆ. ಚೀಲದ ಹೆಸರು, ಇಂಗ್ಲಿಷ್ ಅಕ್ಷರಗಳಲ್ಲಿ, ‘ಅವ್ವಂದು’, ಒಳಗೆ ಐದು ಕಡತ. ಯಾವುದೇ ಹಳೆಯ ಚೀಲ ಬಿಚ್ಚಿದರೂ ಸಿಗುವುದು ಈ ಐದೇ ಜಾತಿ: ಅಕ್ಷರ, ಚಿತ್ರ, ದನಿ, ಕುಣಿಯುವ ಚಿತ್ರ, ನಡೆಯುವ ಚಿತ್ರ. ನಿಮ್ಮ ಲಗ್ನಪತ್ರಿಕೆ, ಸಿನಿಮಾ ಎಲ್ಲವೂ ಇವುಗಳ ಕಲಬೆರಕೆಯೇ, ಹಿಟ್ಟು, ನೀರು, ಉಪ್ಪಿನಲ್ಲಿ ಎಷ್ಟು ಬಗೆ ಬೇಯಿಸಿದರೂ ಮೂಲ ಅಷ್ಟೇ ಇರುವ ಹಾಗೆ. ಒಂದೊಂದು ಜಾತಿಯನ್ನು ಮಡಚಿ ಇಡಲು ನಿಮ್ಮವರು ಹತ್ತಾರು ಬಗೆ ಮಾಡಿಕೊಂಡಿದ್ದರು, ಯಾವ ಬಗೆ ಎಂದು ತಿಳಿಯಲು ಹೆಸರಿನ ಕೊನೆಗೆ ಚುಕ್ಕಿಯಿಟ್ಟು ಮೂರು ನಾಲ್ಕು ಅಕ್ಷರ ಸೇರಿಸುತ್ತಿದ್ದರು. ಅದನ್ನು ನಾವು ಬಾಲ ಎನ್ನುತ್ತೇವೆ. ನಿಜವಾದ ಗುರುತು ಕಡತದ ಹಣೆಯಲ್ಲಿ, ಎಂದರೆ ಮೊದಲ ಕೆಲವು ಅಂಕಿಗಳಲ್ಲಿ ಇರುತ್ತದೆ. ಹಣೆ ಸವೆದುಹೋದರೆ ಬಾಲವನ್ನೇ ನಂಬಬೇಕು.

ಚಿತ್ರದಿಂದ ಶುರು ಮಾಡಿದೆವು. ಅದು ಕಾಶೀಬಾಯಿಯವರ ಫೋಟೊ. ಚಿತ್ರವೆಂದರೆ ಸಾಲಾಗಿ ಇಟ್ಟ ಬಣ್ಣದ ಚುಕ್ಕಿಗಳು. ಕಡತ ಚಿಕ್ಕದಾಗಲೆಂದು ಜೆಪಿಜಿ ಎಂಬ ಬಗೆಯಲ್ಲಿ ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಬಿಟ್ಟುಬಿಡುತ್ತಾರೆ. ಒಮ್ಮೆ ಬಿಟ್ಟರೆ ಬಾಧೆಯಿಲ್ಲ. ನಿಮ್ಮ ಬಳಗದವರು ಅದನ್ನು ಫೋನಿಂದ ಫೋನಿಗೆ ಎಷ್ಟು ಸಲ ದಾಟಿಸಿದರೋ, ಪ್ರತಿ ದಾಟಿನಲ್ಲೂ ಮತ್ತಷ್ಟು ಉದುರಿ ನಮ್ಮ ಕೈಗೆ ಬಂದದ್ದು ಹಸಿರು ಸೀರೆಯ ಮೇಲೆ ಹನ್ನೆರಡು ಚೌಕಗಳ ಒಂದು ಮುಖ. “ಮೂಗು ನಮ್ಮ ಮನೀದೇ ಅದ ನೋಡಕ್ಕ” ಎಂದು ವೀರೇಶ ಹಟ ಹಿಡಿದ. ಎರಡು ಚೌಕದಲ್ಲಿ ಮೂಗು ಕಂಡ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು.

ನಡೆಯುವ ಚಿತ್ರ, ಎಂದರೆ ನಿಮ್ಮ ವೀಡಿಯೊ, ಒಂದು ಬುತ್ತಿಡಬ್ಬಿ. ಒಂದು ತಟ್ಟೆಯಲ್ಲಿ ಚಿತ್ರ, ಇನ್ನೊಂದರಲ್ಲಿ ದನಿ. ದನಿಯ ತಟ್ಟೆ ಖಾಲಿ ಇತ್ತು. ಕಾಶೀಬಾಯಿ ಒಲೆಯ ಮುಂದೆ ಕೂತು ಬಾಯಿ ಆಡಿಸುತ್ತಾರೆ, ಏನೂ ಕೇಳುವುದಿಲ್ಲ. ನಾನು ಅದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಇನ್ನು ದನಿಯ ಕಡತ. ಅದರ ಹಣೆ ಸವೆದಿತ್ತು, ಬಾಲದಲ್ಲಿ ಎಂಪಿ3 ಎಂದಿತ್ತು. ಎಂಪಿ3 ಬಿಡಿಸುವ ಯಂತ್ರಕ್ಕೆ ಕೊಟ್ಟರೆ ಬರೀ ಕರಕರ ಸದ್ದು. ಮೂರು ವಾರ ಹಾಗೇ ಹೋಯಿತು, ಶಾಸ್ತ್ರಕ್ಕೆ ಎಂಟೇ ದಿನ ಉಳಿಯಿತು.

ಅಕ್ಷರದ ಕಡತವನ್ನು ನಾನು ಮುಟ್ಟಿರಲೇ ಇಲ್ಲ. ಅದು ಕನ್ನಡದ್ದಲ್ಲ ಎಂದು ಅದನ್ನು ಪರಭಾಷೆಯ ಗೂಡಿಗೆ ಹಾಕಿದ್ದೆವು. ಅದರ ಮೊದಲ ಪದ ಹೀಗಿತ್ತು: CªÀé. ಕಲ್ಬುರ್ಗಿ ಸೀಮೆಯ ಅಂಗಡಿಗಳಿಂದ ಬಂದ ಇಂಥ ಕಡತಗಳು ಆ ಗೂಡಿನಲ್ಲಿ ನಲವತ್ತು ಸಾವಿರ ಇವೆ. ಎಲ್ಲದರಲ್ಲೂ ಹೆಜ್ಜೆಗೊಂದು ತಲೆಯ ಮೇಲೆ ಗೀಟು ಹೊತ್ತ ಅಕ್ಷರ. ನಮ್ಮ ಪಂಡಿತ ಮಹಾರುದ್ರಪ್ಪನವರು ಇದು ಕಡಲಾಚೆಯಿಂದ ಬಂದ ವ್ಯಾಪಾರಿಗಳ ನುಡಿ ಎಂದು ತೀರ್ಮಾನಿಸಿ, ಅದಕ್ಕೆ ಗೀಟುನುಡಿ ಎಂದು ಹೆಸರಿಟ್ಟು, ಮುನ್ನೂರು ಪುಟದ ವ್ಯಾಕರಣವನ್ನೂ ಬರೆದರು. ನಾನು ಅದನ್ನು ಪರೀಕ್ಷೆಗೆ ಓದಿ ಪಾಸೂ ಆಗಿದ್ದೇನೆ.

ದಾರಿ ತೋರಿಸಿದ್ದು ಐದನೆಯ ಕಡತ. ಅದು ಕುಣಿಯುವ ಚಿತ್ರ, ನಿಮ್ಮಲ್ಲಿ ಜಿಫ್ ಎಂದು ಕರೆಸಿಕೊಂಡದ್ದು: ನಾಲ್ಕಾರು ಚಿತ್ರಗಳನ್ನು ಒಂದರ ಹಿಂದೊಂದು ತೋರಿಸಿ ಮತ್ತೆ ಮೊದಲಿಗೆ ಬರುವುದು. ನಿಮ್ಮ ತಮ್ಮನ ಲಗ್ನಪತ್ರಿಕೆ, ಚಿತ್ರವಾದ್ದರಿಂದ ಅದರ ಕನ್ನಡ ಹಾಗೇ ಉಳಿದಿತ್ತು, ಕೆಳಗೆ ಮಿಣಮಿಣ ಉರಿಯುವ ಎರಡು ದೀಪದ ಸಮೆ. ನಿಮ್ಮ ಕಾಲದ್ದು ಏನು ಹಾಳಾದರೂ ಈ ಮಿಣಮಿಣ ದೀಪ ಹಾಳಾಗುವುದಿಲ್ಲ. ನಮ್ಮಲ್ಲಿ ಸಾವಿರಗಟ್ಟಲೆ ಇವೆ. ನನ್ನ ಜೊತೆ ಕೆಲಸ ಮಾಡುವ ದಸ್ತಗೀರ ಅದನ್ನು ಪರದೆಯ ಮೇಲೆ ಹಾಕಿಕೊಂಡು, ಪಕ್ಕದಲ್ಲಿ ಅಕ್ಷರದ ಕಡತ ತೆರೆದ. ಅದರ ಕೆಳಭಾಗದಲ್ಲಿ ಅದೇ ಪತ್ರಿಕೆಯ ಒಕ್ಕಣೆ ಇತ್ತೋ ಏನೋ, ಸಾಲುಗಳ ಉದ್ದ ಒಂದಕ್ಕೊಂದು ಸರಿಹೊಂದುತ್ತಿತ್ತು. ಅವನು ಬೆರಳಿಟ್ಟು ಎಣಿಸಿದ, ಇನ್ನೊಮ್ಮೆ ಎಣಿಸಿದ, ಆಮೇಲೆ ಮೆಲ್ಲಗೆ ಹೇಳಿದ: “ಸುಗಲಕ್ಕ, ಇದು ಪರಭಾಷಾ ಅಲ್ರೀ. ನಮ್ದೇ ಅದ.”

ಆಗ ಅರ್ಥವಾಯಿತು. ಪ್ರೆಸ್ಸಿನವರ ಹಳೆಯ ಅಕ್ಷರಮಾಲೆಯಲ್ಲಿ ನೀವು ಟೈಪು ಮಾಡುತ್ತಿದ್ದಿರಿ. ಅದರಲ್ಲಿ ಯಂತ್ರದೊಳಗೆ ಸೇರುತ್ತಿದ್ದದ್ದು ಇಂಗ್ಲಿಷಿನ ಮತ್ತು ಯೂರೋಪಿನ ಅಕ್ಷರಗಳು, ಫಾಂಟು ಎಂಬ ವೇಷ ಮಾತ್ರ ಕನ್ನಡದ್ದು. ದೊಡ್ಡ ಮರೆವಿನಲ್ಲಿ ಫಾಂಟುಗಳು ಹೋದವು, ವೇಷ ಕಳಚಿತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ. ನಲವತ್ತು ಸಾವಿರ ಕಡತ ಕನ್ನಡವನ್ನು ಕೈಯಲ್ಲಿ ಹಿಡಿದುಕೊಂಡು ನಾವು ಅದು ಯಾವ ದೇಶದ ಮಾತು ಎಂದು ಪರೀಕ್ಷೆ ಬರೆದೆವು. ಆ ಮೊದಲ ಪದ ‘ಅವ್ವ’. ಮಹಾರುದ್ರಪ್ಪನವರ ವ್ಯಾಕರಣದ ಪ್ರಕಾರ ಅದರ ಅರ್ಥ ‘ಉಪ್ಪಿನ ಮೂಟೆ’.

ಅಕ್ಷರಕ್ಕೆ ಅಕ್ಷರ ಹೊಂದಿಸಿ ಓದಿದೆವು. ನೀವು ಬರೆದದ್ದು ಇಷ್ಟು: “ಅವ್ವನ ದನಿ ಹಳೇ ಕೀಪ್ಯಾಡ್ ಫೋನಿನದು. ಎಎಂಆರ್ ಇತ್ತು. ಅಣ್ಣನ ಮೊಬೈಲಿನಾಗ ಹತ್ತಲಿಲ್ಲ ಅಂತ ಹೆಸರಿನ ಕಡೀಗೆ ಎಂಪಿ3 ಅಂತ ಮಾಡೀನಿ. ಆದರೂ ಹತ್ತಲಿಲ್ಲ. ಪುರಸತ್ತಾದಾಗ ಸರಿ ಮಾಡಬೇಕು.” ಓದಿ ನನಗೆ ಸಿಟ್ಟು ಬಂತು, ನಗುವೂ ಬಂತು. ಹೆಸರು ಕ್ಷೀರಸಾಗರ ಎಂದಿಟ್ಟರೆ ಮನೆಯಲ್ಲಿ ಮಜ್ಜಿಗೆ ಉಕ್ಕುತ್ತದೆಯೇ? ಬಾಲ ಬದಲಿಸಿದರೆ ಪ್ರಾಣಿ ಬದಲಾಗುವುದಿಲ್ಲ ಎಂದು ದಿನವಿಡೀ ಕಂಪ್ಯೂಟರಿನ ಮುಂದೆ ಕೂತ ನಿಮಗೆ ತಿಳಿಯದೆ ಹೋಯಿತೇ? ಆದರೆ ತಪ್ಪನ್ನು ಬರೆದಿಟ್ಟದ್ದರಿಂದಲೇ ನಾವು ಬದುಕಿದೆವು. ಆ ಟಿಪ್ಪಣಿಯ ತಾರೀಖು ನಿಮ್ಮ 2026ರ ಜೂನ್. ನಿಮಗೆ ಪುರಸತ್ತಾಗಲಿಲ್ಲ, ನಮಗೆ ಆಯಿತು.

ಎಎಂಆರ್ ಎಂದರೆ ಅಂಥ ಹಳೆಯ ಫೋನುಗಳು ದನಿಯನ್ನು ಮಡಚಿಡುತ್ತಿದ್ದ ಬಗೆ, ಅದನ್ನು ಬಿಡಿಸುವ ಯಂತ್ರಕ್ಕೆ ಕೊಟ್ಟಾಗ ಹನ್ನೊಂದು ಸೆಕೆಂಡು ದನಿ ಬಂತು. ಹಿಂದೆ ಕೀಲಿಮಣೆಯ ಟಕಟಕ, ದೂರದಲ್ಲಿ ಬಸ್ಸಿನ ಹಾರ್ನು, ಆಮೇಲೆ ಒಬ್ಬ ಹೆಂಗಸು, ಸ್ವಲ್ಪ ಒರಟು ದನಿ: “ಏ ಜಗ್ಗೀ, ಮುಂಜಾನಿಂದ ಅದರ ಮುಂದ ಕುಂತೀದಿ. ಉಂಡಿ ಏನ್ ಇಲ್ಲ?” ಅಷ್ಟೇ. ಟಕಟಕ ನಿಲ್ಲುವುದಿಲ್ಲ. ಯಾರೂ ಉತ್ತರ ಕೊಡುವುದಿಲ್ಲ. ಕಡತ ಮುಗಿಯುತ್ತದೆ. ದಸ್ತಗೀರ ಎದ್ದು ಹೊರಗೆ ಹೋದ. ನಾನು ಅಲ್ಲೇ ಕೂತು ಅತ್ತೆ.

ನಾಳೆ ಶಾಸ್ತ್ರ. ದನಿಯಲ್ಲಿ ಹೆಸರು ಬಂದಿರುವುದರಿಂದ ಕೂಸು ಜಗದೇವಿ ಆಗುತ್ತದೆ. ವೀರೇಶನ ಹೆಂಡತಿ ರೇಣುಕಾ ಬೇರೊಂದು ಹೆಸರು ಆರಿಸಿಕೊಂಡಿದ್ದಳು, “ಜಗ್ಗಿ ಅಂತ ಕರದ್ರ ಹ್ಯಾಂಗ್ರೀ ಅಕ್ಕ” ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಇವತ್ತು ಅವಳೇ ಬಂದು ಆ ಹನ್ನೊಂದು ಸೆಕೆಂಡನ್ನು ಏಳು ಸಲ ಕೇಳಿಸಿಕೊಂಡು ಹೋದಳು. ನಮ್ಮದು ಇನ್ನು ಮೂಕಮನೆಯಲ್ಲ.

ನಿಮ್ಮನ್ನು ಬೇಡುವುದು ಹೆಚ್ಚೇನಿಲ್ಲ. ಟೈಪು ಮಾಡುವುದನ್ನು ಎಲ್ಲ ಯಂತ್ರಗಳೂ ಕನ್ನಡವೆಂದು ಗುರುತಿಸುವ ಸಂಕೇತದಲ್ಲೂ ಒಂದು ಪ್ರತಿ ಇಡಿ. ಫೋಟೊದ ಮೂಲ ಪ್ರತಿಯನ್ನು ದಾಟಿಸದೆ ಬಿಡಿ. ಬಾಲ ಕತ್ತರಿಸಿ ಬೇರೆ ಬಾಲ ಅಂಟಿಸಬೇಡಿ. ಇವೆಲ್ಲ ಆಗದಿದ್ದರೂ ಹೋಗಲಿ, ನಮ್ಮಂಥವರು ಹೇಗೋ ಬಿಡಿಸಿಕೊಳ್ಳುತ್ತೇವೆ.

ಒಂದನ್ನು ಮಾತ್ರ ನಮ್ಮಿಂದ ಬಿಡಿಸಲಾಗದು. ಹೆಳವರ ಹೊತ್ತಗೆಯಲ್ಲಿ ಕಾಶೀಬಾಯಿಯವರ ಹೆಸರಿನ ಮುಂದೆ ಅವರು ಕಾಲವಾದ ವರ್ಷ ಬರೆದಿದೆ, ಅದು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ನಾಳೆ ತೊಟ್ಟಿಲ ಮುಂದೆ ಆ ದನಿ ಕೇಳಿದಾಗ ಕೂಸಿನ ಪರವಾಗಿ ಮನೆಯವರೆಲ್ಲ “ಉಂಡೀನವ್ವ” ಎನ್ನಬೇಕೆಂದು ಗೊತ್ತುಮಾಡಿದ್ದೇವೆ. ಆದರೆ ಅದು ನಮ್ಮನ್ನು ಕೇಳಿದ ಪ್ರಶ್ನೆಯಲ್ಲ, ತಾಯಿ. ಪ್ರೆಸ್ಸಿನವರು ಕಾಯಲಿ. ಕೀಲಿಮಣೆ ಬಾಜೂಕಿಟ್ಟು ಏಳಿ, ಮನೆಗೆ ಹೋಗಿ, ಅವರಿಗೆ ಉತ್ತರ ಹೇಳಿ. ಅದನ್ನು ರೆಕಾರ್ಡು ಮಾಡುವುದು ಬೇಡ.

ನಿಮ್ಮ ಹೆಸರಿನ ಕೂಸಿನ ಸೋದರತ್ತೆ,
ಸುಗಲಾ